ದೇವರಿಗೆ ಬಿಟ್ಟ ಕುರಿ ಅಂದಿದ್ದೆ

ಆಪರೇಶನ್ ಥಿಯೇಟರಿನ ಬಾಗಲ ಮುಂದ ಬರ್ಫದ ಡಬ್ಬಿ ಹಿಡಕೊಂಡು ನಿಂತರ ವ್ಯಾಳ್ಯಾನೇ ಬ್ಯಾರೆ ಆಗಿಬಿಡತದ. ಗ್ವಾಡಿ ಮ್ಯಾಲ ಗಡಿಯಾರ ನಡದಿರತದ, ಆದರ ಮುಳ್ಳು ಸರದದ್ದು ಕಾಣಂಗಿಲ್ಲ. ಬಾಗಲ ಕೆಳಗಿನ ಸಂದ್ಯಾಗಿಂದ ತಣ್ಣನ ಗಾಳಿ ಬಂದು ಪಾದಕ್ಕ ತಾಗತದ. ಒಳಗ ಮಷೀನಿನ ಸಪ್ಪಳ ಒಂದೇ ಲಯದಾಗ ಬರಾಕತ್ತಿರತದ, ದೂರ ಹೊಲದಾಗ ಯಾರದೋ ಕುರಿ ಕೊರಳಗಂಟಿ ಅಂದಂಗ. ಅದನ್ನ ಕೇಳಕೋತ ನಾ ನಿಂತಲ್ಲೇ ಸಣ್ಣಂದಿನ ಹಟ್ಟೀಗೆ ಹೋಗಿ ಬಂದಿರತೀನಿ. ಅಷ್ಟರಾಗ ಸಿಸ್ಟರ್ ಬಾಗಲ ತೆಗದು, ಗಂಟು ಹೊರಗ ಬಂತು ಅಂತಾಳ. ಅಲ್ಲಿಗೆ ಕನಸು ಮುಗೀತು. ಅರ್ಧಾ ತಾಸಿನ್ಯಾಗ ಎಲ್ಲಾ ಆಗಬೇಕು.

ಸೋಲಾಪುರದ ದವಾಖಾನ್ಯಾಗ ವಾರ್ಡಿನ ಕೆಲಸಾ ಮಾಡೋ ಗಂಡಸರಿಗೆಲ್ಲಾ ಮಾಮಾ ಅಂತಾರ, ಹೆಂಗಸರಿಗೆ ಮಾವಶಿ. ನಾನೂ ಮಾಮಾ. ಆದರ ನಾ ಕಸಾ ಹೊಡಿಯೋ ಮಾಮಾ ಅಲ್ಲ, ಸ್ಟ್ರೆಚರ್ ನೂಕೋ ಮಾಮಾನೂ ಅಲ್ಲ. ಆಪರೇಶನ್ನಿನ್ಯಾಗ ತೆಗದ ಕ್ಯಾನ್ಸರ್ ಗಂಟನ್ನ ತಪಾಸಣಿ ಖೋಲಿಗೆ ಮುಟ್ಟಸೋ ಮಾಮಾ. ಆರನೇತ್ತಿಗೆ ಕನ್ನಡ ಸಾಲಿ ಬಿಟ್ಟು ಕುರಿ ಹಿಂದ ಹೋದವ ನಾನು. ಮರಾಠಿ ಓದೋದನ್ನ ಎಸ್.ಟಿ. ಬಸ್ಸಿನ ಬೋರ್ಡ್ ನೋಡಿ ಕಲ್ತೀನಿ. ಅಂಥಾವನ ಕೈಯಾಗ ತಪಾಸಣಿ ಖೋಲಿ ಮ್ಯಾಡಂ ಈ ಕೆಲಸಾ ಕೊಟ್ಟಾರ ಅಂದ್ರ ಸುಮ್ಮನ ಕೊಟ್ಟಿಲ್ಲ.

ಗಂಟು ಮೊದಲು ರೋಗಿ ರಿಪೋರ್ಟಿಗೆ. ಅದು ಮ್ಯಾಡಂ ಅವರ ಕಟ್ಟುನಿಟ್ಟು. ರಿಪೋರ್ಟಿಗೆ ಬೇಕಾದಷ್ಟು ತಗೊಂಡು ಉಳಿದದ್ದನ್ನ ಮೊದಲೆಲ್ಲಾ ಸುಡತಿದ್ದರು. ಈಗ ರೋಗಿ ಹೂಂ ಅಂದ್ರ ಅದರಾಗಿಂದ ಕಡ್ಲಿಕಾಳಿನಷ್ಟು ನಾಕು ಚೂರು ಸಂಶೋಧನಿಗೆ ಇಡತಾರ. ದೇಹದಿಂದ ಕಡದ ಮ್ಯಾಲೂ ಅದು ಸ್ವಲ್ಪ ಹೊತ್ತು ಜೀವಂತ ಇರತದಂತ. ರಕ್ತ ನಿಂತದ್ದು ಅದಕ್ಕ ತಿಳೀತದ, ಒಳಗ ಒಂದೊಂದೇ ಬದಲಾಗಾಕ ಹತ್ತತದ. ಅದರಕಿಂತ ಮೊದಲ ಹೆಪ್ಪುಗಟ್ಟಿಸಬೇಕು, ಆಗ ಮೈಯಾಗ ಹೆಂಗಿತ್ತೋ ಹಂಗೇ ಉಳೀತದ. ಒಂದು ಸಲಾ ಥಿಯೇಟರಿನ್ಯಾಗ ಹೊಸಬರು ಯಾರೋ ರೂಢಿ ಪ್ರಕಾರ ಡಬ್ಬ್ಯಾಗ ಕೊಳೀದಂಗ ಇಡೋ ಫಾರ್ಮಲಿನ್ ಔಷಧ ಸುರದು ಕೊಟ್ಟಿದ್ದರು. ರಿಪೋರ್ಟಿಗೆ ನಡೀತದ, ಸಂಶೋಧನಿಗೆ ಆ ಚೂರು ಕಲ್ಲಿದ್ದಂಗ. ಅವತ್ತಿನಿಂದ ಖಾಲಿ ಡಬ್ಬಿ ನಾನೇ ಒಯ್ಯತೀನಿ, ನಾನೇ ಬಾಗಲದಾಗ ನಿಲ್ಲತೀನಿ.

ಹಿಂಗಿರಬೇಕಾದರ ಒಬ್ಬಾಕಿ ಬಂದಳು, ತಡವಳ ಅನ್ನೋ ಹಳ್ಳಿ ಕಡೆಯಾಕಿ. ಕುರಿ ಮನಿ. ಎದಿಯೊಳಗ ಗಂಟು. ಐವತ್ತು ದಾಟಿದ ಹೆಂಗಸು, ಕೈ ತುಂಬ ಹಸಿರು ಬಳಿ, ಹಣಿ ಮ್ಯಾಲ ಅರಿಶಿಣದ ಭಂಡಾರ. ಗಂಡ ಸಂಗಾಟ ಬಂದಿದ್ದ, ಕಂಬಳಿ ಹೆಗಲ ಮ್ಯಾಲ ಹಾಕ್ಕೊಂಡು. ಇಬ್ಬರಿಗೂ ಮರಾಠಿ ಅಷ್ಟಕ್ಕಷ್ಟ. ಒಪ್ಪಿಗಿ ಕಾಗದ ಮರಾಠಿದು. ಮ್ಯಾಡಂ ಒಂದೊಂದೇ ಸಾಲು ಓದೋದು, ನಾ ಕನ್ನಡದಾಗ ಹೇಳೋದು, ಹಿಂಗ ಪದ್ಧತಿ. ಕನ್ನಡ ಮಂದಿಗೆ ನಾ ಹೇಳಿದ ಮ್ಯಾಲ ಅಲ್ಲೀತನಕ ಒಬ್ಬರೂ ಇಲ್ಲ ಅಂದಿರಲಿಲ್ಲ. ಅದರದೊಂದು ಗತ್ತು ನನ್ನ ಮೈಯಾಗಿತ್ತು.

ಮೊದಲ ಸಾಲಿಗೇ ಆಕಿ ತಡದಳು. ನನ್ನ ಮೈಯಾಗಿಂದು ಇನ್ನೊಬ್ಬರ ಹಂತ್ಯಾಕ ಯಾಕ ಇರಬೇಕು, ಯಾರದಂತ ಇರತದ ಅದು, ಅಂತ ಕೇಳಿದಳು. ಮ್ಯಾಡಂ ಓದಿದ್ದರಾಗ ಅದಕ್ಕ ಉತ್ತರ ಇತ್ತು, ಆದರ ಆ ಮರಾಠಿ ಶಬ್ದಗಳು ನನ್ನ ಬಾಯಾಗ ಕನ್ನಡ ಆಗಲಿಲ್ಲ. ಒಂದು ಗಳಿಗಿ ತಡವರಿಸಿದೆ. ಆಮ್ಯಾಲ ತನ್ನಷ್ಟಕ್ಕ ತಾನೇ ಬಾಯಿಗೆ ಬಂತು:

"ಯಕ್ಕಾ, ದೇವರಿಗೆ ಬಿಟ್ಟ ಕುರಿ ಇರತದ ನೋಡು, ಹಂಗಂತ ತಿಳಿ. ನಿಂದೂ ಅಲ್ಲ, ನಮದೂ ಅಲ್ಲ."

ಕುರಿ ಮನಿಯವರಿಗೆ ಇದಕಿಂತ ಜಾಸ್ತಿ ಹೇಳೋದು ಬೇಕಾಗಿಲ್ಲ. ನಮ್ಮ ಕಡೆ ಮನ್ಯಾಗ ಯಾರಿಗರೆ ಜಡ್ಡಾದರ ಹಿಂಡಿನ್ಯಾಗಿಂದ ಒಂದು ಕುರಿ ಹಿಂಡು ಕಾಯೋ ದೇವರು ಬಿರೋಬಾಗ ಬಿಡತಾರ. ಇದು ನಿಂದು, ನಮ್ಮನ್ನ ಕಾಯಿ ಅಂತ ಹೇಳಿ, ಕಿವಿಗೆ ಗುರುತು ಮಾಡಿ, ನೆತ್ತಿಗೆ ಭಂಡಾರ ಹಚ್ಚತಾರ. ಆಮ್ಯಾಲ ಅದನ್ನ ಮಾರಂಗಿಲ್ಲ, ಕಡಿಯಂಗಿಲ್ಲ, ತಿರಗಿ ನಂದು ಅನ್ನಂಗಿಲ್ಲ. ಹಿಂಡಿನ್ಯಾಗೇ ಮೇಯತದ, ಆದರ ಮನಿಯವರದಲ್ಲ.

ಆಕಿ ಮುಖ ಬಿಚ್ಚಿತು. ಗಂಡನ ಕಡೆ ನೋಡಿದಳು, ಅಂವ ತಲಿ ಅಲ್ಲಾಡಿಸಿದ. ಮ್ಯಾಡಂ ಇನ್ನೂ ಓದಾಕತ್ತಿದ್ದರು, ಆಕಿ ಹೆಬ್ಬೆಟ್ಟು ಮುಂದ ಮಾಡೇಬಿಟ್ಟಳು. ಕಡೀ ಸಾಲು ಉಳದಿತ್ತು: ಯಾವಾಗ ಬೇಕಾದರೂ ನೀವು ಕೊಟ್ಟ ಒಪ್ಪಿಗಿ ತಿರಗಿ ತಗೋಬಹುದು, ಅದರಿಂದ ನಿಮ್ಮ ಔಷಧೋಪಚಾರಕ್ಕ ಏನೂ ಫರಕ ಆಗಂಗಿಲ್ಲ. ದೇವರಿಗೆ ಬಿಟ್ಟದ್ದು ಅಂದ ಮ್ಯಾಲ ತಿರಗಿ ತಗೋಬಹುದು ಅಂತ ಯಾವ ಬಾಯಲೆ ಹೇಳಲಿ? ಹೇಳಲಿಲ್ಲ. ಎಲ್ಲಾ ತಿಳಿಸಿದ್ರೇನು ಮಾಮಾ ಅಂತ ಮ್ಯಾಡಂ ಕೇಳಿದರು. ತಿಳಿಸೀನಿ ಅಂದೆ.

ಆಪರೇಶನ್ ಮರುದಿನ ಮುಂಜಾನೆ. ಸಿಸ್ಟರ್ ಕೊಟ್ಟ ವ್ಯಾಳ್ಯಾ ಡಬ್ಬಿ ಮುಚ್ಚಳದ ಪಟ್ಟಿ ಮ್ಯಾಲ ಬರಕೊಂಡೆ. ಲಿಫ್ಟಿನ್ಯಾಗ ಸ್ಟ್ರೆಚರ್ ಇತ್ತು, ಅದಕ್ಕ ಕಾಯಲಿಲ್ಲ, ಇಳಿಜಾರಿನಿಂದ ಇಳದೆ. ಓಡಬಾರದು, ಡಬ್ಬಿ ಅಲ್ಲಾಡತದ. ತತ್ತಿ ಒಯ್ಯೋರಂಗ ಬಿರಬಿರ ನಡೀಬೇಕು. ಮ್ಯಾಡಂ ಗಂಟನ್ನ ತೂಗಿದರು, ಅಂಚು ಯಾವುದು ಅಂತ ಆಮ್ಯಾಲ ತಿಳೀಲಿ ಅಂತ ಮ್ಯಾಲೆಲ್ಲಾ ಶಾಯಿ ಹಚ್ಚಿದರು, ನಡುವ ಕೊಯ್ದರು. ರಿಪೋರ್ಟಿಂದು ಮೊದಲ ತೆಗದಿಟ್ಟರು. ಆಮ್ಯಾಲ ನಾಕು ಚೂರು, ಬೆರಳಿನಷ್ಟು ಉದ್ದದ ನಾಕು ಶೀಶೆದಾಗ. ಹೆಸರಿಲ್ಲ, ನಂಬರ ಅಷ್ಟ.

ಮೂಲ್ಯಾಗ ಹೆಪ್ಪುಗಟ್ಟಿಸೋ ನೈಟ್ರೋಜನ್ ಟಾಕಿ ಅದ. ಹಳ್ಳ್ಯಾಗ ಆಕಳಿಗೆ ಗಬ್ಬದ ಇಂಜೆಕ್ಷನ್ ಮಾಡಾಕ ಬರೋ ಡಾಕ್ಟರ್ ತರತಾರಲ್ಲ ಕ್ಯಾನು, ಅದರದೇ ದೊಡ್ಡ ಅಣ್ಣ. ಮುಚ್ಚಳ ಎತ್ತಿದರ ಬೆಳ್ಳಗ ಹೊಗಿ ಉಕ್ಕಿ, ಮ್ಯಾಲ ಹೋಗದ, ಕೆಳಗ ಇಳೀತದ. ನೆಲದ ಗುಂಟ ಒಂದರ ಹಿಂದೊಂದು, ಒಂದರ ಮೈಮ್ಯಾಲೊಂದು ಬಿದ್ದು, ಮೇಜಿನ ಕಾಲು ಸುತ್ತಿ, ಬಾಗಲ ತನಕಾ ಹೋಗಿ ಕರಗತದ. ನಾ ಎಷ್ಟೋ ಸಲಾ ನೋಡೀನಿ. ಪ್ರತೀ ಸಲಾನೂ ಮುಂಜಾನೆ ಹಟ್ಟಿ ತಟ್ಟಿ ಸರಿಸಿದಾಗ ಹಿಂಡು ಹೊರಬಿದ್ದಂಗೇ ಕಾಣತದ. ಸಪ್ಪಳ ಒಂದಿಲ್ಲ. ಶೀಶೆ ಒಳಗ ಇಳಿಸಿದೆ, ಮುಚ್ಚಿದೆ. ಗಂಟು ಹೊರಗ ಬಂದು ಹತ್ತೊಂಬತ್ತು ಮಿನಿಟು. ಮ್ಯಾಡಂ ಗಡಿಯಾರ ನೋಡಿ ನಕ್ಕರು. ಆ ದಿನಾ ನನ್ನಂಥಾವ ಸೋಲಾಪುರದಾಗ ಇಲ್ಲ ಅನಿಸಿತ್ತು.

ಆಕಿ ಹೊಲಿಗಿ ಬಿಚ್ಚಿಸಿಕೊಂಡು ಹೋದಳು. ರಿಪೋರ್ಟ್ ಬಂತು. ಗಂಟು ತೆಗದಷ್ಟಕ್ಕ ಮುಗಿಯಾಂಗಿಲ್ಲ, ಕೀಮೋ ತಗೋಬೇಕು, ಇಂಥಾ ದಿನಾ ಬರ್ರಿ ಅಂತ ಡಾಕ್ಟರ್ ಹೇಳಿ ಕಳಿಸಿದ್ದರು. ಆ ದಿನಾ ಆಕಿ ಬರಲಿಲ್ಲ. ಮುಂದಿನ ವಾರಾನೂ ಬರಲಿಲ್ಲ. ಕೀಮೋ ವಾರ್ಡಿನ ಸಿಸ್ಟರ್ ಫೋನ್ ಮಾಡಿದರ ಗಂಡ ಹೇಳಿದನಂತ, ನಾವು ಬಿರೋಬಾಗ ಬಿಟ್ಟೀವಿ, ಇನ್ನ ಜಡ್ಡು ಬರಂಗಿಲ್ಲ. ಸಿಸ್ಟರ್ ನಕ್ಕೋತ ಚಾ ಕುಡಿಯೋ ಮುಂದ ನನಗ ಹೇಳಿದಳು: ನಿಮ್ಮ ಕಡೆ ಮಂದಿ ಏನ್ ಮಾಮಾ, ಗಂಟನ್ನ ಸುದ್ದಾ ದೇವರಿಗೆ ಬಿಡತಾರಂತ.

ಚಾ ನನ್ನ ಕೈಯಾಗೇ ಆರಿತು.

ಯಾರಿಗೂ ಗೊತ್ತಿರಲಿಲ್ಲ. ಕನ್ನಡದಾಗ ನಾ ಏನಂದೆ ಅಂತ ಆ ಖೋಲ್ಯಾಗ ತಿಳದವರು ಮೂರೇ ಮಂದಿ, ಅದರಾಗ ಇಬ್ಬರು ತಡವಳದಾಗ. ಹಳ್ಳಿ ಮಂದಿ ನಂಬಿಕಿ ಅಂತ ಎಲ್ಲಾರೂ ಬಿಟ್ಟುಬಿಡತಿದ್ದರು. ಎರಡು ದಿನಾ ನಾನೂ ಬಿಟ್ಟೆ. ಕೆಲಸಾ ನಡದಿತ್ತು. ಆದರ ಟಾಕಿ ಮುಚ್ಚಳ ತೆಗದಾಗೊಮ್ಮಿ ಆ ಬಿಳೀ ಹಿಂಡು ಹೊರಗ ಬರೋದು, ನನ್ನ ಕಾಲಿಗೆ ತಾಗೋದು. ಅದರಾಗ ಒಂದರ ನೆತ್ತಿ ಮ್ಯಾಲ ಹಳದಿ ಬಣ್ಣ ಕಂಡಂಗ ಆಗೋದು. ಕಣ್ಣು ತಿಕ್ಕಿ ನೋಡಿದರ ಬರೇ ನೆಲದ ಫರಸಿ.

ಮೂರನೇ ದಿನಾ ಮ್ಯಾಡಂ ಮುಂದ ನಿಂತು ಎಲ್ಲಾ ಹೇಳಿದೆ. ಏನಂದಿದ್ದೆ, ಯಾವ ಸಾಲು ನುಂಗಿದ್ದೆ, ಎಲ್ಲಾ. ಮ್ಯಾಡಂ ಪೆನ್ನು ಕೆಳಗಿಟ್ಟರು. ಎದ್ದು ಹೋಗಿ ಆ ನಾಕು ಶೀಶೆ ಇದ್ದ ಪೆಟ್ಟಿಗಿಗೆ ಕೆಂಪು ಪಟ್ಟಿ ಹಚ್ಚಿದರು. ಆಕಿಗೆ ಸರಿಯಾಗಿ ತಿಳಿಸಿ ಮತ್ತ ಒಪ್ಪಿಗಿ ತಗೊಳ್ಳೋ ತನಕಾ ಇದನ್ನ ಯಾರೂ ಮುಟ್ಟಬಾರದು, ಬ್ಯಾಡ ಅಂದರ ಸುಡೋದು ಅಂದರು. ಇನ್ನ ಮುಂದ ನೀವು ಕನ್ನಡದಾಗ ಹೇಳಬೇಕಾದರ ಕನ್ನಡ ಬಲ್ಲ ಇನ್ನೊಬ್ಬರು ಬಾಜೂಕ ಕುಂತಿರಬೇಕು ಅಂದರು. ಆಮ್ಯಾಲ ಸಣ್ಣ ದನಿಯಾಗ, ಚೂರಿನ ಮಾತು ಬಿಡ್ರಿ ಮಾಮಾ, ಕೀಮೋ ತಡಾ ಆದಷ್ಟು ಅದರ ಉಪಯೋಗ ಕಡಿಮಿ ಆಗತದ, ಆಕಿ ಜೀವದ ಮಾತಿದು ಅಂದರು.

ನಾನೇ ಹೋಗತೀನಿ ಅಂದೆ. ಮೊದಲ ಫೋನ್ ಮಾಡಿ ಬರಬಹುದೇನು ಅಂತ ಕೇಳ್ರಿ ಅಂದರು. ಕೇಳಿದೆ. ಗಂಡ, ಬರ್ರಿ ಅದಕ್ಕೇನು ಅಂದ.

ಅಕ್ಕಲಕೋಟಿಗೆ ಒಂದು ಗಾಡಿ, ಅಲ್ಲಿಂದ ತಡವಳಕ್ಕ ಇನ್ನೊಂದು. ಕಿಡಕಿ ಬಾಜೂಕ ಕುಂತೆ. ಜೋಳದ ಹೊಲಾ, ಕರೀ ಮಣ್ಣು, ಬಿಸಲು. ಕಣ್ಣು ಯಾವಾಗ ಮುಚ್ಚಿದವೋ ಗೊತ್ತಿಲ್ಲ. ಕುರಿ ಹಿಂಡು ದವಾಖಾನಿ ಇಳಿಜಾರಿನಿಂದ ಇಳದು ಬರಾಕತ್ತಿತ್ತು. ಕೊರಳಗಂಟಿ ಇತ್ತು, ಸಪ್ಪಳ ಇರಲಿಲ್ಲ. ನಾ ಡಬ್ಬಿ ಹಿಡಕೊಂಡು ನಡುವ ನಿಂತಿದ್ದೆ, ಎಡಕ್ಕ ಬಲಕ್ಕ ಅವು ಸರದು ಹೋಗತಿದ್ದವು. ಒಂದು ಮಾತ್ರ ನಿಂತು ನನ್ನ ಮುಖಾ ನೋಡಾಕತ್ತಿತು. ಯಾರದು ನೀ ಅಂತ ಕೇಳಿದೆ. ಕಂಡಕ್ಟರ್ ತಡವಳ ತಡವಳ ಅಂತ ಹೆಗಲ ಮುಟ್ಟಿದ.

ಹಟ್ಟಿ ಊರ ಹೊರಗ. ಗಂಡ ಮರಿಗಳಿಗೆ ತಪ್ಪಲ ಕಟ್ಟಾಕತ್ತಿದ್ದ. ನನ್ನ ನೋಡಿ, "ಬರ್ರಿ ಪಾವಣ್ಯಾ. ಡಬ್ಬಿ ತಂದಿಲ್ಲಲ್ಲ? ಕಡದು ಒಯ್ಯಾಕ ನಮ್ಮ ಹಂತ್ಯಾಕ ಇನ್ನೇನೂ ಉಳದಿಲ್ಲ" ಅಂದ. ಆಕಿ ಬೇವಿನ ನೆಳ್ಳಾಗ ಕದರು ಹಿಡದು ಉಣ್ಣಿ ನೂಲಾಕತ್ತಿದ್ದಳು. ಆಪರೇಶನ್ ಆದ ಕಡೆ ಕೈ ಪೂರಾ ಮ್ಯಾಲ ಏಳತಿರಲಿಲ್ಲ, ಎಳಿ ಗಿಡ್ಡ ಗಿಡ್ಡ ಬರತಿತ್ತು. ನೀರು ಕೊಟ್ಟರು, ಚಾ ಕೊಟ್ಟರು. ಚಾ ಮುಗಿದ ಮ್ಯಾಲ ಆಕಿ ತಾನೇ ಮಾತು ತೆಗದಳು.

"ಸೂಜಿ ಚುಚ್ಚಿಸಿಕೋ ಅಂತ ಹೇಳಾಕ ಕಳಸ್ಯಾರೇನು ತಮ್ಮಾ ನಿನ್ನ? ಬಿಟ್ಟ ಮ್ಯಾಲ ಮತ್ತ ಔಷಧ ತಗೊಂಡರ, ನಿನ್ನ ಮ್ಯಾಲ ಭರೋಸಾ ಇಲ್ಲೋ ಅಂತ ಬಿರೋಬಾನ ಮುಖಕ್ಕ ಹೇಳಿದಂಗ."

"ಯಕ್ಕಾ, ಅದು ಬಿರೋಬಾನ ಹಂತ್ಯಾಕ ಇಲ್ಲ," ಅಂದೆ. "ನಮ್ಮ ದವಾಖಾನಿ ಟಾಕ್ಯಾಗ ಅದ. ದೇವರಿಗೆ ಬಿಡು ಅಂತ ಆ ಕಾಗದದಾಗ ಎಲ್ಲೂ ಬರದಿಲ್ಲ. ಅದು ನಾ ಹುಟ್ಟಿಸಿದ ಮಾತು. ಆ ಚೂರು ಕೊಟ್ಟದ್ದಕ್ಕ ನಿನ್ನ ಜಡ್ಡು ಕಡಿಮಿ ಆಗಂಗಿಲ್ಲ, ಕೊಡದಿದ್ದರ ಜಾಸ್ತಿ ಆಗಂಗಿಲ್ಲ. ಜಡ್ಡಿಗೆ ಕೀಮೋ. ಅದು ಬ್ಯಾರೆ, ಇದು ಬ್ಯಾರೆ."

ಗಂಡನ ಕೈಯಾಗಿನ ತಪ್ಪಲ ನಿಂತಿತು. "ಮತ್ತ ಅವತ್ತ ಯಾಕ ಹಂಗಂದಿ?" ಬರ್ರಿ ಅಂದಿದ್ದವ ಈಗ ಏಕವಚನಕ್ಕ ಬಂದಿದ್ದ.

"ಕಾಗದದ ಮಾತು ಕನ್ನಡದಾಗ ಹೇಳಾಕ ಬರಲಿಲ್ಲ. ಬರಂಗಿಲ್ಲ ಅಂತ ಮ್ಯಾಡಂ ಮುಂದ ಒಪ್ಪಕೋಳಾಕ ಮನಸ್ಸಾಗಲಿಲ್ಲ."

ಮನಿಯಿಂದ ಹೊಂಟಾಗ ಹೇಳಬೇಕಂತ ಬಹಳ ಮಾತು ಕಟಗೊಂಡು ಬಂದಿದ್ದೆ. ಇಷ್ಟಾ ಹೇಳಿದ ಮ್ಯಾಲ ಯಾವುದೂ ಉಳದಿರಲಿಲ್ಲ. ಕದರು ತಿರಗೋದು ಬಿಟ್ಟು ಆಕಿ ಕಾಲ ಹತ್ರ ಜೋತಾಡಾಕತ್ತಿತ್ತು.

"ಹಂಗಾದರ ಅದು ಯಾರದು ಈಗ?"

"ನಿಂದೇ. ಬ್ಯಾಡ ಅಂದರ ಸುಡತಾರ. ಯಾಕ ಅಂತ ಕೇಳಂಗಿಲ್ಲ. ಈ ಸಾಲೂ ನಾ ಅವತ್ತ ಹೇಳಿರಲಿಲ್ಲ."

ಆಕಿ ಹಿಂಡಿನ ಕಡೆ ನೋಡಿದಳು. ಬಿಸಲಿಗೆ ಕುರಿಗಳೆಲ್ಲಾ ಒಂದರ ಹೊಟ್ಟಿ ಕೆಳಗೊಂದು ತಲಿ ಹಾಕಿ ನಿಂತು, ಒಂದೇ ಮೈ ಆಗಿದ್ದವು.

"ನೀ ಸುಳ್ಳ ಹೇಳಿದಿ, ಆತು," ಅಂದಳು. "ಆದರ ನಾ ಅವನಿಗೆ ಖರೇನ ಹೇಳೀನಿ, ಇದು ನಿಂದಪ್ಪಾ ಅಂತ. ನಿನ್ನ ತಪ್ಪಿಗೆ ನನ್ನ ಮಾತು ಹೆಂಗ ತಿರಗಬೇಕು ತಮ್ಮಾ?"

ಉತ್ತರ ಕೊಟ್ಟವ ಆಕಿ ಗಂಡ, ಅದೂ ನಮ್ಮ ಕಡೆ ನೋಡದ, ತಪ್ಪಲ ಕಟ್ಟಕೋತ.

"ಬಿಟ್ಟ ಕುರಿ ತೋಳ ಒಯ್ದರ ಏನ್ ಮಾಡತೀವಿ? ಬದಲಿ ಬಿಡತೀವಿ. ತೋಳ ಒಯ್ತು ಅಂತ ತಿಳಿ." ಆಮ್ಯಾಲ ನನ್ನ ಕಡೆ ಗದ್ದಾ ತೋರಿಸಿ ಅಂದ, "ಈ ತೋಳ ಎಸ್.ಟಿ. ಹತ್ತಿ ಬಂದದ, ಅಷ್ಟ ಫರಕ."

ಆಕಿ ನಕ್ಕಳು. ಬಾಯಿಗೆ ಸೆರಗು ಹಿಡದು, ಗಾಯ ಎಳೀತದ ಅನ್ಕೋತ ನಕ್ಕಳು. ನಾನೂ ನಕ್ಕೆ, ಕಣ್ಣಾಗ ನೀರು ಬಂತು, ಬಿಸಲ ಅಂತ ಒರಸಿಕೊಂಡೆ.

ಬದಲಿ ಬಿಡಾಕ ಆಕಿ ಆರಿಸಿದ ಮರಿ ತಾಯಿ ಸತ್ತದ್ದು, ಬಾಟಲಿ ಹಾಲು ಕುಡಿಸಿ ತಾನೇ ಬೆಳಸಿದ್ದು. ಗಂಡ, ಅದಾ ಯಾಕ, ಬ್ಯಾರೆದು ಬಿಡು ಅಂದ. ಆಕಿ ಕೇಳಲಿಲ್ಲ. ಹಟ್ಟಿ ಮೂಲ್ಯಾಗ ಬಿರೋಬಾನ ಕಲ್ಲು, ಹಳದಿ ಹಳದಿ ಆಗಿದ್ದು. ಮರಿ ಹಿಡಕೋ ಅಂತ ನನಗ ಹೇಳಿದಳು. ಇಪ್ಪತ್ತು ವರ್ಷ ಆಗಿದ್ದವು ಕುರಿ ಹಿಡದು, ಆದರ ಕೈ ಮರತಿರಲಿಲ್ಲ. ಮಣಕಾಲ ನಡುವ ಮೈ, ಒಂದು ಕೈ ಗದ್ದದ ಕೆಳಗ. ಗಂಡ ಕಿವಿ ತುದಿ ಕತ್ತರಿಸಿದ. ಒಂದು ಹನಿ ಬೆಚ್ಚನ ರಕ್ತ ನನ್ನ ಮಣಿಕಟ್ಟಿನ ಮ್ಯಾಲ ಬಿತ್ತು. ರೂಢಿ ಪ್ರಕಾರ ವ್ಯಾಳ್ಯಾ ನೋಡಾಕ ಕೈ ತಿರಿವಿದೆ. ಆದರ ನೋಡಲಿಲ್ಲ. ಆಕಿ ಭಂಡಾರ ಹಚ್ಚಿ, ಕಲ್ಲಿನ ಕಡೆ ಬಗ್ಗಿ, ನನಗ ಕೇಳದಂಗ ಏನೋ ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು. ಕೊಡೋದು ತಗೊಳ್ಳೋದು ಆಕಿಗೂ ಬಿರೋಬಾಗೂ ತಿಳದಂಗ ಆಗಿರಬೇಕು, ಸೊಂಟಕ್ಕ ಕೈ ಕೊಟ್ಟು ಎದ್ದಳು. ಮರಿ ಕೊಸರಿಕೊಂಡು ಹಿಂಡಿನ್ಯಾಗ ಹೋಗಿ ಕೂಡಿತು.

"ಈಗ ಆ ಚೂರು ನಂದು," ಅಂದಳು. "ಈಗ ಕೇಳು."

ಅಲ್ಲೇ ನಿಂತು ಕೇಳಿದೆ. ಕುರಿ ಇಲ್ಲ, ದೇವರಿಲ್ಲ. ನಿನ್ನ ಗಂಟಿನ ನಾಕು ಚೂರು ನಮ್ಮಲ್ಲಿ ಅದಾವ. ಇಂಥಾ ಗಂಟು ಯಾಕ ಆಗತದ, ಯಾವ ಔಷಧಕ್ಕ ಸಾಯತದ ಅಂತ ಕಲತವರು ಅದನ್ನ ನೋಡತಾರ. ನಿನಗ ಅದರಿಂದ ಏನೂ ಸಿಗಂಗಿಲ್ಲ. ಮುಂದ ಯಾರಿಗರೆ ಉಪಯೋಗ ಆದೀತು, ಆಗಲಿಕ್ಕಿಲ್ಲ. ನಿನ್ನ ಹೆಸರು ಅದರ ಮ್ಯಾಲ ಇರಂಗಿಲ್ಲ. ಇವತ್ತ ಹೂಂ ಅಂದು ನಾಳೆ ಬ್ಯಾಡ ಅನಬಹುದು. ಇಷ್ಟು ಸೀದಾ ಮಾತು ನಾ ಯಾರ ಮುಂದನೂ ಆಡಿರಲಿಲ್ಲ.

ಆಕಿ ಕೇಳಿದಳು, ವಿಚಾರ ಮಾಡಿ ಹೇಳತೀನಿ ಅಂದಳು. ಸೂಜಿ ಎಂದು ಅದ ಅಂತ ಕೇಳಿ, ಬೆರಳ ಮ್ಯಾಲ ದಿನಾ ಎಣಿಸಿಕೊಂಡಳು.

ಎಣಿಸಿದ ದಿನಾ ಬಂದಳು. ಕೀಮೋ ಹನಿ ಹನಿ ಇಳಿಯೋ ತನಕಾ ಕುರ್ಚಿ ಮ್ಯಾಲ ಕಣ್ಣು ಮುಚ್ಚಿ ಕುಂತಿದ್ದಳು, ಗಂಡ ಬಾಜೂಕ ಕಂಬಳಿ ಮಡಿಸಿ ನೆಲದ ಮ್ಯಾಲ. ಮುಗಿದ ಮ್ಯಾಲ ನನ್ನ ಕರಸಿ, ಆ ಚೂರು ನೋಡಬೇಕು ಅಂದಳು. ಮ್ಯಾಡಂ ಟಾಕಿ ಖೋಲಿಗೆ ತಾವೇ ಕರಕೊಂಡು ಬಂದು, ದೂರ ನಿಂದ್ರಿ ಅಂದರು.

ಕೈಗೆ ದಪ್ಪನ ಗ್ಲೌಸ್ ಹಾಕ್ಕೊಂಡು ಮುಚ್ಚಳ ಎತ್ತಿದೆ. ಹೊಗಿ ಉಕ್ಕಿತು, ಇಳೀತು, ಆಕಿ ಕಡೆ ಹರೀತು. ಆಕಿ ಹಿಂದ ಸರೀಲಿಲ್ಲ. ಚಪ್ಪಲಿ, ಕಾಲುಂಗುರ, ಸೀರಿ ಅಂಚು, ಎಲ್ಲಾ ಬೆಳ್ಳಗ ಮುಳಗಿದವು. ಕೆಂಪು ಪಟ್ಟಿ ಪೆಟ್ಟಿಗಿ ಒಂದಿಷ್ಟು ಮ್ಯಾಲ ಎತ್ತಿ ತೋರಿಸಿದೆ.

"ಹೆಸರಿಲ್ಲೇನು?"

"ನಂಬರ ಅಷ್ಟ, ಯಕ್ಕಾ."

"ಕಿವಿ ಗುರುತು," ಅಂದಳು ಆಕಿ, ತನಗ ತಾನೇ.

ಬಹಳ ಹೊತ್ತು ತೆಗದಿಡಬಾರದು, ಮುಚ್ಚಿದೆ. ನೆಲದ ಮ್ಯಾಲಿನ ಹೊಗಿ ಇನ್ನೂ ಹೋಗಿರಲಿಲ್ಲ. ಯಾವುದರೆ ಮರೀನ ತುಳದೇನೋ ಅನ್ನೋರಂಗ ಆಕಿ ಒಂದೊಂದೇ ಹೆಜ್ಜಿ ಎತ್ತಿ ಎತ್ತಿ ಇಟ್ಟು ಹೊರಗ ಬಂದಳು.

ಮ್ಯಾಡಂ ಕಾಗದ ಓದಿದರು. ಕನ್ನಡ ಬಲ್ಲ ಮಾವಶಿ ಒಬ್ಬಾಕಿ ಬಾಜೂಕ ಕುಂತು, ನಾ ಹೇಳೋದನ್ನ ಕೇಳಿದಳು. ಕಡೀ ಸಾಲು ನಾ ಎರಡು ಸಲಾ ಹೇಳಿದೆ. ಆಕಿ ಪೂರಾ ಕೇಳಿ, ಆಮ್ಯಾಲ ಹೆಬ್ಬೆಟ್ಟು ಒತ್ತಿದಳು. ಶಾಯಿ ಸೆರಗಿಗೆ ಒರಸಿಕೋತ ನನ್ನ ಕಡೆ ತಿರಗಿದಳು.

"ಯಾರರೆ ಕೇಳಿದರ ದೇವರಿಗೆ ಬಿಟ್ಟದ್ದು ಅನಬ್ಯಾಡ. ತಡವಳದ ಕಡೆಯಾಕಿ ಒಬ್ಬಾಕಿ, ತಿಳಕೊಂಡು ಕೊಟ್ಟಾಳ ಅನ್ನು."

ನಾ ಹೋಗಿ ಪೆಟ್ಟಿಗಿ ಮ್ಯಾಲಿನ ಕೆಂಪು ಪಟ್ಟಿ ಕಿತ್ತೆ.